ಗೊತ್ತಿಲ್ಲದ ದಿನಾಂಕದ ಖಾನೆ ಖಾಲಿಯೇ ಇರಲಿ

ಮಾನ್ಯ ಸಂಪಾದಕರೇ,

ಪರೀಕ್ಷೆ ಮುಗಿದು ರಜೆ ಬಿದ್ದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜು ಹುಡುಗ ಹುಡುಗಿಯರಲ್ಲಿ ಕೆಲವರು ವಿಡಿಯೋ ಗೇಮ್ ಡೇಟಾಬೇಸ್‌ಗಳಿಗೆ ಮಾಹಿತಿ ತುಂಬಲು ಕೂರುತ್ತಾರೆ. 1999ರಿಂದ ನಡೆದುಬಂದು 2022ರಲ್ಲಿ ಅಟಾರಿ ಕಂಪನಿಯ ಕೈಸೇರಿದ ಮೊಬಿಗೇಮ್ಸ್, 2019ರಲ್ಲಿ ಗೇಮ್ ಆಟದ ನೇರಪ್ರಸಾರದ ಜಾಲತಾಣ ಟ್ವಿಚ್ ಕೊಂಡುಕೊಂಡ ಐಜಿಡಿಬಿ, ವಿಕಿಪೀಡಿಯದ ಸೋದರ ಯೋಜನೆಯಾದ ವಿಕಿಡೇಟಾ ಇವೆಲ್ಲ ಸಾರ್ವಜನಿಕರೇ ಬರೆದು ಸಾರ್ವಜನಿಕರೇ ತಿದ್ದುವ ದಾಖಲೆಗಳು. ಗೇಮ್ ಆಡುವುದೇ ಕಾಲಹರಣ, ಅದರ ಪಟ್ಟಿ ಮಾಡುವುದು ಇನ್ನೂ ದೊಡ್ಡ ಕಾಲಹರಣ ಎಂದು ಮನೆಯ ಹಿರಿಯರು ಗೊಣಗಬಹುದು. ಆ ವಾದಕ್ಕೆ ಇಲ್ಲಿ ಇಳಿಯುವುದಿಲ್ಲ. ನನ್ನ ತಕರಾರು ಬೇರೆ. ಹೊಸಬರು ಬಂದೊಡನೆ ಮಾಡುವ ಮೊದಲ ಕೆಲಸವೆಂದರೆ ಖಾಲಿ ಕಂಡ ಖಾನೆಗಳನ್ನೆಲ್ಲ ಏನಾದರೊಂದು ಹಾಕಿ ತುಂಬಿಬಿಡುವುದು. ಡೇಟಾಬೇಸ್ ಕೆಡುವುದು ಅಲ್ಲಿಂದಲೇ.

ಖಾನೆ ಖಾಲಿ ಇದ್ದರೆ ಮುಂದೆ ಯಾರಾದರೂ ಹುಡುಕುತ್ತಾರೆ. ತುಂಬಿದ ಖಾನೆಯತ್ತ ಮತ್ತೆ ಯಾರೂ ತಿರುಗಿ ನೋಡುವುದಿಲ್ಲ. ಒಂದು ಕಡೆ ಬಿದ್ದ ತಪ್ಪು ತಾರೀಖನ್ನು ಇನ್ನೊಂದು ಡೇಟಾಬೇಸ್ ನಕಲು ಮಾಡುತ್ತದೆ, ಅದನ್ನು ನೋಡಿ ಯಾರೋ ಲೇಖನ ಬರೆಯುತ್ತಾರೆ, ಆ ಲೇಖನವೇ ಮೊದಲ ಡೇಟಾಬೇಸ್‌ಗೆ ಆಧಾರವಾಗಿ ಮರಳಿ ಬರುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎಂಬ ಗಾದೆ ಇದಕ್ಕಾಗಿಯೇ ಹುಟ್ಟಿದಂತಿದೆ. ಇಂಥ ಸುತ್ತು ಹಿಡಿಯುವ ದಾರಿ ಸರಳ. ದಾಖಲೆಯ ತಿದ್ದುಪಡಿ ಇತಿಹಾಸ ತೆರೆದು, ಆ ತಾರೀಖು ಯಾವ ದಿನ ಸೇರಿತು ಎಂದು ನೋಡಬೇಕು. ಆಧಾರವೆಂದು ಕೊಟ್ಟ ಬರಹ ಅದಕ್ಕಿಂತ ಈಚಿನದಾಗಿದ್ದರೆ ಅದು ಆಧಾರವಲ್ಲ, ಪ್ರತಿಧ್ವನಿ. ಸೇರಿದ ದಿನಕ್ಕಿಂತ ಹಳೆಯದಾದ, ಗೇಮ್ ಬಂದ ಕಾಲದ್ದೇ ಆದ ಪತ್ರಿಕೆ, ಜಾಹೀರಾತು ಅಥವಾ ಕಂಪನಿಯ ಪ್ರಕಟಣೆ ಸಿಗುವವರೆಗೆ ಖಾನೆಯನ್ನು ಮತ್ತೆ ಖಾಲಿ ಮಾಡುವುದೇ ಸರಿಯಾದ ತಿದ್ದುಪಡಿ.

ಅತಿ ಹೆಚ್ಚು ಕೆಡುವ ಜಾಗ ದಿನಾಂಕದ್ದೇ. ಇನ್ನೂ ಬಿಡುಗಡೆಯಾಗದ ಗೇಮ್‌ಗೆ ಆನ್‌ಲೈನ್ ಅಂಗಡಿಗಳು ಡಿಸೆಂಬರ್ 31 ಎಂದು ಹಾಕಿಟ್ಟಿರುತ್ತವೆ. ಅದು ಜಾಗ ಹಿಡಿದಿಡಲು ಹಾಕಿದ ತಾರೀಖು, ಬಿಡುಗಡೆಗೂ ಅದಕ್ಕೂ ಸಂಬಂಧವಿಲ್ಲ. ವರ್ಷ ಮಾತ್ರ ಗೊತ್ತಿದ್ದಾಗ ಕೆಲವು ತಂತ್ರಾಂಶಗಳು ತಾವಾಗಿಯೇ ಜನವರಿ 1 ಸೇರಿಸುತ್ತವೆ. 1970ರ ಜನವರಿ 1, ಬೆಳಿಗ್ಗೆ 5.30 ಎಂದು ಎಲ್ಲಾದರೂ ಕಂಡರೆ ಆಶ್ಚರ್ಯ ಬೇಡ. ಕಂಪ್ಯೂಟರಿನ ಕಾಲಗಣನೆ ಸೊನ್ನೆಯಿಂದ ಶುರುವಾಗುವ ಕ್ಷಣ ಗ್ರೀನಿಚ್‌ನಲ್ಲಿ ಮಧ್ಯರಾತ್ರಿ, ನಮ್ಮಲ್ಲಿ ಐದೂವರೆ. ಯಾವುದೋ ಪ್ರೋಗ್ರಾಂ ಖಾಲಿ ಖಾನೆಯನ್ನು ಸೊನ್ನೆ ಎಂದು ಓದಿಕೊಂಡಿದೆ, ಅಷ್ಟೆ. 3/4 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ದಿನದ ಅಂಕಿ 12 ಅಥವಾ ಅದಕ್ಕಿಂತ ಕಡಿಮೆ ಇರುವ ಯಾವ ತಾರೀಖನ್ನೂ ಈ ಅನುಮಾನವಿಟ್ಟುಕೊಂಡೇ ಓದಬೇಕು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಬಿಡುಗಡೆಯಾದದ್ದು ಭಾರತದ ಗಡಿಯಾರದಲ್ಲಿ ಮರುದಿನಕ್ಕೆ ಬೀಳುತ್ತದೆ, ಆದ್ದರಿಂದ ನಿಮ್ಮ ಪರದೆ ತೋರಿಸಿದ ತಾರೀಖನ್ನೇ ಇಳಿಸಿಕೊಳ್ಳುವ ಮುಂಚೆ ಅದು ಯಾವ ದೇಶದ ಗಡಿಯಾರದ್ದು ಎಂದು ವಿಚಾರಿಸಿ. ಶೀರ್ಷಿಕೆ ಪರದೆಯ ಕೆಳಗೆ ಕಾಣುವ ವರ್ಷವಂತೂ ಹಕ್ಕುಸ್ವಾಮ್ಯದ್ದು. ಅದು ಬಿಡುಗಡೆಯ ವರ್ಷವೂ ಆಗಿರಬಹುದು, ಆಗದೆಯೂ ಇರಬಹುದು.

ಎಲ್ಲರಿಗೂ ಗೊತ್ತಿರುವ ಉದಾಹರಣೆಯನ್ನೇ ತೆಗೆದುಕೊಳ್ಳಿ. ‘ಸೂಪರ್ ಮಾರಿಯೋ ಬ್ರದರ್ಸ್’ ಜಪಾನಿನಲ್ಲಿ ಬಿಡುಗಡೆಯಾದದ್ದು 1985ರ ಸೆಪ್ಟೆಂಬರ್ 13ರಂದು, ಇದರಲ್ಲಿ ತಕರಾರಿಲ್ಲ. ಅಮೆರಿಕದಲ್ಲಿ ನಿಂಟೆಂಡೊ ಯಂತ್ರದ (ಟಿವಿಗೆ ಜೋಡಿಸಿ ಆಡುವ ಎನ್‌ಇಎಸ್) ಪ್ರಾಯೋಗಿಕ ಮಾರಾಟ ನ್ಯೂಯಾರ್ಕಿನಲ್ಲಿ 1985ರ ಅಕ್ಟೋಬರಿನಲ್ಲಿ ಶುರುವಾಯಿತು. ಆದರೆ ಈ ಗೇಮ್ ಅಲ್ಲಿ ನಿರ್ದಿಷ್ಟವಾಗಿ ಯಾವ ದಿನ ಅಂಗಡಿಗೆ ಬಂತು ಎಂಬುದರ ಬಗ್ಗೆ ಜಗತ್ತಿನ ಅತಿ ಪ್ರಸಿದ್ಧ ಗೇಮ್ ಆಗಿದ್ದರೂ ಒಮ್ಮತವಿಲ್ಲ. ಕಂಪನಿಯ ಹೇಳಿಕೆ, ಆ ಕಾಲದ ಪತ್ರಿಕೆ, ಈಚಿನ ಲೇಖನ ಒಂದೊಂದೂ ಒಂದೊಂದು ಹೇಳುತ್ತದೆ. ಅಂಥಲ್ಲಿ ‘1985’ ಎಂದಷ್ಟೇ ಬರೆದು, ವಿವಾದವನ್ನು ಟಿಪ್ಪಣಿಯಲ್ಲಿ ಇಟ್ಟರೆ ಮುಗಿಯಿತು. ವಿಕಿಡೇಟಾದಲ್ಲಿ ಇದಕ್ಕೆಂದೇ ನಿಖರತೆಯ ಗುರುತು ಇದೆ: ವರ್ಷ ಮಾತ್ರ ಗೊತ್ತಿದ್ದರೆ 9, ತಿಂಗಳೂ ಗೊತ್ತಿದ್ದರೆ 10, ದಿನವೂ ಗೊತ್ತಿದ್ದರೆ 11. ಸ್ವಂತ ಡೇಟಾಬೇಸ್ ಕಟ್ಟುವವರು ಮೊದಲ ದಿನವೇ ಇಂಥ ಖಾನೆಯೊಂದನ್ನು ಇಟ್ಟುಕೊಳ್ಳಬೇಕು. ಸಾವಿರ ದಾಖಲೆ ಆದ ಮೇಲೆ ಯಾವ ಜನವರಿ 1 ನಿಜವಾದದ್ದು, ಯಾವುದು ಸುಳ್ಳು ಎಂದು ಬೇರ್ಪಡಿಸುವುದು ಆಗದ ಕೆಲಸ.

ಇನ್ನೊಂದು ಗೊಂದಲ, ‘ಒಂದು ಗೇಮ್’ ಎಂದರೆ ಎಷ್ಟು ದಾಖಲೆ ಎಂಬುದು. ಕೃತಿ ಬೇರೆ, ಅದರ ಬಿಡುಗಡೆಗಳು ಬೇರೆ. ಕೊನಾಮಿಯ ‘ಕಾಂಟ್ರಾ’ 1987ರಲ್ಲಿ ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಕ್ಕೆ ಬಂತು, 1988ರಲ್ಲಿ ಮನೆಯ ಯಂತ್ರಕ್ಕೆ ಬಂತು, ಯುರೋಪಿನಲ್ಲಿ ಸೈನಿಕರ ಜಾಗಕ್ಕೆ ರೋಬೋಟ್‌ಗಳನ್ನಿಟ್ಟು ‘ಪ್ರೊಬೊಟೆಕ್ಟರ್’ ಎಂಬ ಹೆಸರಲ್ಲಿ ಬಂತು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರ ‘ರಾಜಿ’ ನಿಂಟೆಂಡೊ ಸ್ವಿಚ್‌ಗೆ 2020ರ ಆಗಸ್ಟ್ 18ರಂದು, ಉಳಿದ ಯಂತ್ರಗಳಿಗೆ ಅಕ್ಟೋಬರ್ 15ರಂದು ಬಂತು. ಎರಡನ್ನೂ ಬರೆಯಬೇಕು, ಯಾವ ಯಂತ್ರಕ್ಕೆ ಯಾವ ದಿನ ಎಂದು ಜೋಡಿಸಿಯೇ ಬರೆಯಬೇಕು.

ನಮ್ಮ ಹುಡುಗರು ಹೆಚ್ಚು ಜಗಳಾಡುವುದು ಪಬ್‌ಜಿ ಬಗ್ಗೆ. ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು 2020ರ ಸೆಪ್ಟೆಂಬರ್ 2ರಂದು ಭಾರತದಲ್ಲಿ ನಿಷೇಧಿಸಲಾಯಿತು. ಅದರ ಭಾರತೀಯ ರೂಪವಾದ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ 2021ರ ಜುಲೈ 2ರಂದು ಆಂಡ್ರಾಯ್ಡ್‌ಗೆ ಬಂತು, 2022ರ ಜುಲೈ 28ರಂದು ಆ್ಯಪ್ ಅಂಗಡಿಗಳಿಂದ ಕಾಣೆಯಾಯಿತು, 2023ರ ಮೇ ತಿಂಗಳಲ್ಲಿ ಮರಳಿತು. ಇದು ಒಂದೇ ಗೇಮೋ ಎರಡೋ? ನನ್ನ ಅಭಿಪ್ರಾಯದಲ್ಲಿ ಎರಡು ದಾಖಲೆ. ಪ್ರಕಾಶಕರು ಬೇರೆ, ಆ್ಯಪ್‌ನ ಪ್ಯಾಕೇಜ್ (ಒಳಗಿನ ಗುರುತುಹೆಸರು) ಬೇರೆ, ಆಡುವ ನಿಯಮಾವಳಿಯಲ್ಲೂ ವ್ಯತ್ಯಾಸವಿದೆ. ಎರಡರ ನಡುವೆ ‘ರೂಪಾಂತರ’ ಎಂಬ ಕೊಂಡಿ ಹಾಕಿದರೆ ಸಂಬಂಧವೂ ಉಳಿಯುತ್ತದೆ. ಆದರೆ 2023ರಲ್ಲಿ ಮರಳಿದ್ದನ್ನು ಹೊಸ ಬಿಡುಗಡೆ ಎಂದು ಬರೆಯುವುದು, ಮೊದಲ ತಾರೀಖನ್ನು ಅಳಿಸಿ ಇದನ್ನು ಕೂರಿಸುವುದು ಎರಡೂ ತಪ್ಪು. ಅಂಗಡಿಯಿಂದ ತೆಗೆದದ್ದು, ಮರಳಿ ಸೇರಿದ್ದು ಇವೆರಡೂ ತಮ್ಮದೇ ತಾರೀಖುಳ್ಳ ಪ್ರತ್ಯೇಕ ಘಟನೆಗಳು.

ಈಗ ನಮ್ಮ ಭಾಗದವರೇ ಮಾಡಬೇಕಾದ, ಬೇರೆಯವರಿಂದ ಆಗದ ಕೆಲಸಕ್ಕೆ ಬರುತ್ತೇನೆ. ಅಮೆರಿಕ, ಜಪಾನಿನ ಪ್ರಸಿದ್ಧ ಗೇಮ್‌ಗಳನ್ನು ದಾಖಲಿಸಲು ಅಲ್ಲಿಯ ಜನ ಸಾಕಷ್ಟಿದ್ದಾರೆ. ನಮ್ಮಲ್ಲಿ ತೊಂಬತ್ತರ ದಶಕದಿಂದ ಟಿವಿಗೆ ಜೋಡಿಸಿ ಆಡಿದ ನಕಲು ಯಂತ್ರಗಳು, ಅವುಗಳಿಗೆ ಹಾಕುತ್ತಿದ್ದ ಕ್ಯಾಸೆಟ್‌ಗಳು ಯಾವ ಪಟ್ಟಿಯಲ್ಲೂ ಸರಿಯಾಗಿ ಸೇರಿಲ್ಲ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅವು ಗುಜರಿಗೆ ಹೋಗುತ್ತವೆ. ಹಿನ್ನೀರಿಗೆ ಹಳೇ ಊರು ಬಿಟ್ಟು ನವನಗರಕ್ಕೆ ಬಂದ ಬಾಗಲಕೋಟೆಯ ಮನೆಗಳಲ್ಲಂತೂ ಸಾಮಾನು ಒಮ್ಮೆ ಸೋಸಿ ಹೋಗಿಯೇ ಆಗಿದೆ.

ಕ್ಯಾಸೆಟ್ ಕೈಗೆ ಸಿಕ್ಕರೆ ಯಂತ್ರಕ್ಕೆ ಹಾಕುವ ಮುಂಚೆ ಫೋಟೋ ತೆಗೆಯಿರಿ: ಮುಂಬದಿ, ಹಿಂಬದಿ, ಮೇಲಿನ ಅಂಚು, ಪಿನ್‌ಗಳ ಸಾಲು. ಕಿಟಕಿಯ ಬೆಳಕು ಸಾಕು, ಫ್ಲ್ಯಾಶ್ ಬೇಡ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಪಿನ್ ಎಣಿಸಿ. ನಿಂಟೆಂಡೊ ಯಂತ್ರದ ಜಪಾನಿನ ರೂಪವಾದ ಫ್ಯಾಮಿಕಾಮ್ ನಮೂನೆಯದಕ್ಕೆ ಒಟ್ಟು 60, ಅಮೆರಿಕದ ಎನ್‌ಇಎಸ್ ನಮೂನೆಯದಕ್ಕೆ 72. ನಮ್ಮಲ್ಲಿ ಸಿಗುವ ನಕಲು ಕ್ಯಾಸೆಟ್‌ಗಳು ಬಹುತೇಕ 60ರವು, ಹಾಗಾಗಿ ಯಂತ್ರದ ಖಾನೆಯಲ್ಲಿ ‘ಎನ್‌ಇಎಸ್’ ಎಂದು ಆರಿಸುವುದೇ ಮೊದಲ ತಪ್ಪಾಗುತ್ತದೆ. ಹಿಂದೆ ಸ್ಕ್ರೂ ಇದ್ದರೆ ಬಿಚ್ಚಿ ಒಳಗಿನ ಬೋರ್ಡಿನ ಮೇಲೆ ಅಚ್ಚಾದ ಸಂಖ್ಯೆಯನ್ನೂ ಬರೆದುಕೊಳ್ಳಿ. ಚಿಪ್ ಕಾಣುವ ಬದಲು ಕಪ್ಪು ಅಂಟಿನ ಗುಂಡು ಕಂಡರೆ ಅದೂ ಒಂದು ಮಾಹಿತಿ. ಸ್ಕ್ರೂ ಇಲ್ಲದೆ ಒತ್ತಿ ಕೂರಿಸಿದ ಡಬ್ಬಿಯಾದರೆ ತೆರೆಯಲು ಹೋಗಬೇಡಿ, ಹಳೆಯ ಪ್ಲಾಸ್ಟಿಕ್ಕಿನ ಕೊಂಡಿ ಮುರಿಯುತ್ತದೆ.

ಪಿನ್‌ಗೆ ಬಾಯಿಂದ ಊದುವ ಅಭ್ಯಾಸ ಬಿಡಬೇಕು. ಉಸಿರಿನ ತೇವ ತಾಮ್ರಕ್ಕೆ ಹಸಿರು ಹಿಡಿಸುತ್ತದೆ, ಬೆಳಗಾವಿಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಹತ್ತಿ ಸುತ್ತಿದ ಕಡ್ಡಿಗೆ ಶೇಕಡ 90ಕ್ಕಿಂತ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಪಿನ್‌ನ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೆ ಕಡ್ಡಿ ಬದಲಿಸುತ್ತ ಹೋಗಿ. ಪೂರ್ತಿ ಒಣಗಿದ ಮೇಲೆಯೇ ಯಂತ್ರಕ್ಕೆ ಹಾಕಿ. ಉಜ್ಜುಕಾಗದ ಮುಟ್ಟಿಸಿದರೆ ಲೇಪವೇ ಹೋಗುತ್ತದೆ. ಲೇಬಲ್‌ಗೆ ಆಲ್ಕೋಹಾಲ್ ತಾಗಿದರೆ ಬಣ್ಣ ಬಿಡುತ್ತದೆ.

ಲೇಬಲ್ ಮೇಲೆ ‘9999999 ಇನ್ 1’ ಎಂದಿರುತ್ತದೆ. ಮೆನುವಿನಲ್ಲಿ ಕೆಳಗಿಳಿಯುತ್ತ ಹೋದರೆ ಅದೇ ನಾಲ್ಕಾರು ಗೇಮ್‌ಗಳು ಬೇರೆ ಬೇರೆ ಹೆಸರಲ್ಲಿ, ಬೇರೆ ಬೇರೆ ಹಂತದಿಂದ ಶುರುವಾಗುತ್ತವೆ. ದಾಖಲಿಸುವಾಗ ಲೇಬಲ್ ಹೇಳುವ ಸಂಖ್ಯೆಗೆ ಒಂದು ಖಾನೆ, ನಿಜವಾಗಿ ಇರುವ ಗೇಮ್‌ಗಳ ಸಂಖ್ಯೆಗೆ ಇನ್ನೊಂದು ಖಾನೆ ಇರಲಿ. ಮೆನುವಿನ ಪ್ರತಿ ಪುಟದ ಚಿತ್ರ ತೆಗೆದುಕೊಂಡು, ಒಂದನೇ ಸಾಲಿನಿಂದ ಆಡುತ್ತ ಹೋಗಿ, ಎಷ್ಟನೇ ಸಾಲಿನಿಂದ ಪುನರಾವರ್ತನೆ ಶುರುವಾಯಿತು ಎಂದು ಗುರುತಿಸಿ. ಮೆನುವಿನ ಹೆಸರುಗಳನ್ನು ಕಾಗುಣಿತದ ತಪ್ಪಿನ ಸಮೇತ ಇದ್ದಂತೆಯೇ ಇಳಿಸಿ. ತಿದ್ದಿಬಿಟ್ಟರೆ ಒಂದು ಕ್ಯಾಸೆಟ್ಟನ್ನು ಇನ್ನೊಂದರಿಂದ ಗುರುತಿಸುವ ಸುಳಿವೇ ಹೋಗುತ್ತದೆ. ಮೂಲ ಗೇಮ್ ಯಾವುದು ಎಂಬುದು ಬೇರೆ ಖಾನೆಗೆ ಸೇರಬೇಕು, ಅದನ್ನೂ ಆಡಿ ನೋಡಿ ಗೊತ್ತಾದರೆ ಮಾತ್ರ. ನಕಲು ಮಾಡಿದವರು ಶೀರ್ಷಿಕೆ ಪರದೆಯಿಂದ ಕಂಪನಿಯ ಹೆಸರು, ವರ್ಷ ಅಳಿಸುವುದು ಸಾಮಾನ್ಯ. ಅವು ಇಲ್ಲವೆಂದ ಮಾತ್ರಕ್ಕೆ ಅದು ಹೊಸ ಗೇಮ್ ಆಗುವುದಿಲ್ಲ, ನಕಲು ಮಾಡಿದವರು ಅದರ ಪ್ರಕಾಶಕರೂ ಆಗುವುದಿಲ್ಲ.

ಕ್ಯಾಸೆಟ್ ಓದುವ ಉಪಕರಣ ಇದ್ದವರು ಚಿಪ್‌ನ ಒಳಗಿನದ್ದನ್ನು ಎರಡು ಸಲ ಓದಿಸಿ ಎರಡರ ಚೆಕ್‌ಸಮ್ ಹೋಲಿಸಬೇಕು. ಹೊಂದದಿದ್ದರೆ ಪಿನ್ ಕೊಳೆಯಾಗಿದೆ ಎಂದೇ ಮೊದಲು ಊಹಿಸಿ. ಚೆಕ್‌ಸಮ್ ಎಂದರೆ ಫೈಲಿನ ಪ್ರತಿ ಬೈಟನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬರುವ ಗುರುತು: ಸಿಆರ್‌ಸಿ-32 ಆದರೆ 8 ಅಕ್ಷರ, ಎಂಡಿ-5 ಆದರೆ 32, ಶಾ-1 ಆದರೆ 40. ಅವುಗಳಲ್ಲಿ 0ಯಿಂದ 9ರ ಅಂಕಿ ಮತ್ತು ‘ಎ’ಯಿಂದ ‘ಎಫ್’ವರೆಗಿನ ಇಂಗ್ಲಿಷ್ ಅಕ್ಷರ ಬಿಟ್ಟರೆ ಬೇರೇನೂ ಬರುವಂತಿಲ್ಲ, ಸೊನ್ನೆಯ ಜಾಗದಲ್ಲಿ ‘ಓ’ ಕಂಡರೆ ಕೈಯಿಂದ ಟೈಪ್ ಮಾಡಿದ್ದಾರೆ ಎಂದರ್ಥ. ಚೆಕ್‌ಸಮ್ಮನ್ನು ಎಂದೂ ಕೈಯಿಂದ ಟೈಪ್ ಮಾಡಬಾರದು.

ಒಂದೇ ಗೇಮ್‌ಗೆ ಇಬ್ಬರು ಎರಡು ಚೆಕ್‌ಸಮ್ ಹಾಕಿ ಕಾದಾಡುವುದಕ್ಕೆ ಕಾರಣ ಬಹುಪಾಲು ಹೆಡರ್. ಸೂಪರ್ ಮಾರಿಯೋದಲ್ಲಿ ಪ್ರೋಗ್ರಾಂ 32 ಕಿಲೋಬೈಟ್, ಚಿತ್ರಗಳು 8 ಕಿಲೋಬೈಟ್, ಒಟ್ಟು 40,960 ಬೈಟ್. ನಿಮ್ಮ ಫೈಲ್ 40,976 ತೋರಿಸಿದರೆ ಮುಂದೆ 16 ಬೈಟಿನ ಹೆಡರ್ ಅಂಟಿಕೊಂಡಿದೆ. ಅದು ಕ್ಯಾಸೆಟ್‌ನಲ್ಲಿ ಇದ್ದದ್ದಲ್ಲ, ಹಳೆಯ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಎಮ್ಯುಲೇಟರ್‌ಗೆ ಅರ್ಥವಾಗಲೆಂದು ಆಮೇಲೆ ಸೇರಿಸಿದ್ದು. ಹೆಡರ್‌ನಲ್ಲಿ ಒಂದು ಬೈಟ್ ಬದಲಾದರೂ ಇಡೀ ಫೈಲಿನ ಚೆಕ್‌ಸಮ್ ಬದಲಾಗುತ್ತದೆ. ಆದ್ದರಿಂದ ಹೆಡರ್ ಕಳೆದು ಲೆಕ್ಕ ಹಾಕಿ, ಹಾಗೆ ಮಾಡಿದ್ದೇವೆಂದು ಟಿಪ್ಪಣಿಯಲ್ಲೂ ಬರೆಯಿರಿ. ಸೂಪರ್ ನಿಂಟೆಂಡೊ ಫೈಲುಗಳಲ್ಲಿ ಕೆಲವಕ್ಕೆ ಹೀಗೇ 512 ಬೈಟ್ ಹೆಚ್ಚುವರಿ ಇರುತ್ತದೆ. ನಿಂಟೆಂಡೊ 64ರಲ್ಲಿ ಹೆಡರ್ ಸಮಸ್ಯೆ ಇಲ್ಲ, ಬದಲಿಗೆ ಬೈಟ್ ಜೋಡಣೆಯೇ ಮೂರು ಬಗೆ. ಹಲವು ಗೇಮ್‌ಗಳ ಕ್ಯಾಸೆಟ್ಟಿನಲ್ಲಿ ಇನ್ನೊಂದು ಅಪಾಯವಿದೆ: ಉಪಕರಣಕ್ಕೆ ಬೋರ್ಡಿನ ಬಗೆ ತಪ್ಪಾಗಿ ಹೇಳಿದರೆ ಅದು ಮೊದಲ ಭಾಗವನ್ನಷ್ಟೇ ಮತ್ತೆ ಮತ್ತೆ ಓದುತ್ತದೆ. ಫೈಲಿನ ಮೊದಲರ್ಧ ಮತ್ತು ಎರಡನೆಯರ್ಧ ಅಕ್ಷರಶಃ ಒಂದೇ ಆಗಿದ್ದರೆ ಓದಿದ್ದು ಸರಿಯಾಗಿದೆಯೇ ಎಂದು ಅನುಮಾನಿಸಿ.

‘ನಮ್ಮ ಯಂತ್ರದಲ್ಲಿ ಗೇಮ್ ನಿಧಾನವಾಗಿತ್ತು, ಆದ್ದರಿಂದ ಇದು ಬೇರೆ ಆವೃತ್ತಿ’ ಎಂಬ ವಾದವೂ ಆಗಾಗ ಬರುತ್ತದೆ. ಆ ಕಾಲದ ಭಾರತದ ಟಿವಿ ಪಾಲ್ ಪದ್ಧತಿಯದು, ಸೆಕೆಂಡಿಗೆ 50 ಸಲ ಚಿತ್ರ ಬಿಡಿಸುತ್ತಿತ್ತು; ಜಪಾನ್, ಅಮೆರಿಕದ್ದು 60. ಅರವತ್ತಕ್ಕೆಂದು ಬರೆದ ಗೇಮ್ ಐವತ್ತರ ಯಂತ್ರದಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ಓಡುತ್ತದೆ. ಪಾಲ್ ಟಿವಿಗೆಂದು ತಯಾರಾದ ಕೆಲವು ನಕಲು ಯಂತ್ರಗಳ ಪ್ರೊಸೆಸರ್ 1.77 ಮೆಗಾಹರ್ಟ್ಸ್‌ನದು, ಜಪಾನಿನದರ 1.79ಕ್ಕೆ ಹತ್ತಿರ. ನಿಂಟೆಂಡೊದ ಸ್ವಂತ ಪಾಲ್ ಯಂತ್ರದ್ದು 1.66. ಹೀಗಾಗಿ ಸಂಗೀತದ ಶ್ರುತಿಯೂ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ. ಕ್ಯಾಸೆಟ್ ಅದೇ, ಬದಲಾದದ್ದು ಯಂತ್ರ. ನೆನಪಿನಲ್ಲಿರುವ ವೇಗ ಆವೃತ್ತಿಗೆ ಸಾಕ್ಷಿಯಾಗುವುದಿಲ್ಲ.

ಕ್ಯಾಸೆಟ್ಟಿನಷ್ಟೇ ಅನಾಥವಾದದ್ದು ಕೀಪ್ಯಾಡ್ ಫೋನಿನ ಜಾವಾ ಗೇಮ್‌ಗಳು. ಮೊಬೈಲ್ ಅಂಗಡಿಯಲ್ಲಿ ಹಾಡು, ರಿಂಗ್‌ಟೋನ್ ಜತೆಗೆ ಮೆಮೊರಿ ಕಾರ್ಡಿಗೆ ತುಂಬಿಕೊಡುತ್ತಿದ್ದರಲ್ಲ, ಅವು. ಹಳೆಯ ಕಾರ್ಡು ಸಿಕ್ಕರೆ ಫೈಲಿನ ಹೆಸರನ್ನು ನಂಬಬೇಡಿ, ಅಂಗಡಿಯವರು ಅದನ್ನು ತಮಗೆ ಬೇಕಾದಂತೆ ಬದಲಿಸಿರುತ್ತಾರೆ. ಜಾರ್ ಫೈಲ್ ಎಂಬುದು ಒಳಗೆ ಜಿಪ್ ಫೈಲೇ. ಅದರ ಒಂದು ಪ್ರತಿಯನ್ನು ಜಿಪ್ ಎಂದು ತೆರೆದು ‘ಮೆಟಾ-ಇನ್ಫ್’ ಫೋಲ್ಡರಿನ ಮ್ಯಾನಿಫೆಸ್ಟ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ಓದಿ. ಹೆಸರು, ಆವೃತ್ತಿ, ತಯಾರಕರು ಮೂರೂ ಅಲ್ಲಿ ಸಿಗುತ್ತವೆ. ಜತೆಗೆ ಜಾರ್‌ನ ವಿವರ ಹೊತ್ತ ಜಾಡ್ ಫೈಲೂ ಇದ್ದರೆ ಅದರಲ್ಲಿ ಬರೆದ ಜಾರ್‌ನ ಗಾತ್ರವನ್ನು ನಿಜವಾದ ಗಾತ್ರಕ್ಕೆ ಹೋಲಿಸಿ. ಒಂದೇ ಒಂದು ಬೈಟ್ ವ್ಯತ್ಯಾಸವಿದ್ದರೂ ಯಾರೋ ಕೈಯಾಡಿಸಿದ್ದಾರೆ. ಡೌನ್‌ಲೋಡ್ ಜಾಲತಾಣಗಳು ತಮ್ಮ ಜಾಹೀರಾತು ತುರುಕಿ ಹೀಗೆ ಮಾಡುತ್ತಿದ್ದವು. ಒಂದೇ ಗೇಮ್ 128×160, 176×208, 240×320 ಎಂದು ಪರದೆಗೊಂದು ಕಟ್ಟಾಗಿ ಬರುತ್ತಿತ್ತು. ಚಿಕ್ಕ ಪರದೆಯದರಲ್ಲಿ ಹಂತಗಳೇ ಕಡಿಮೆ ಇರುವುದುಂಟು. ಪ್ರತಿ ಕಟ್ಟಿಗೂ ಗಾತ್ರ, ಚೆಕ್‌ಸಮ್ ಬೇರೆಯಾಗಿ ಹಾಕಿ, ಗೇಮ್ ಒಂದೇ ಎಂದು ಜೋಡಿಸಿ.

ಪ್ಲೇಸ್ಟೇಷನ್ 2ರ ಡಿಸ್ಕ್‌ಗಳ ಕೆಲಸ ಇಷ್ಟು ಕಷ್ಟದ್ದಲ್ಲ. ಹೈದರಾಬಾದಿನ ಆರೋನಾ ಟೆಕ್ನಾಲಜೀಸ್ ತಯಾರಿಸಿದ ‘ಹನುಮಾನ್: ಬಾಯ್ ವಾರಿಯರ್’ 2009ರಲ್ಲಿ ಬಂದದ್ದು ಬಹಳ ಮಂದಿಗೆ ನೆನಪಿರಬಹುದು. ಡಬ್ಬಿಯ ಬೆನ್ನಿನ ಮೇಲೆ ನಾಲ್ಕು ಅಕ್ಷರ, ಐದು ಅಂಕಿಯ ಸಂಕೇತವಿರುತ್ತದೆ. ಡಬ್ಬಿ ಕಳೆದಿದ್ದರೆ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ ‘ಸಿಸ್ಟಮ್ ಡಾಟ್ ಸಿಎನ್‌ಎಫ್’ ಫೈಲ್ ತೆರೆಯಿರಿ, ‘ಬೂಟ್2’ ಸಾಲಿನಲ್ಲಿ ಅದೇ ಸಂಕೇತ ಅಡಿಗೆರೆ ಮತ್ತು ಚುಕ್ಕಿಯ ಜತೆ ಕಾಣುತ್ತದೆ. ಡಬ್ಬಿಯ ಮೇಲಿನ ರೂಪವನ್ನೇ ದಾಖಲಿಸಿ, ಇಲ್ಲವಾದರೆ ಒಂದೇ ಡಿಸ್ಕ್ ಎರಡು ಸಲ ಸೇರುತ್ತದೆ.

ಬಾರ್‌ಕೋಡ್ ಬಗ್ಗೆ ಒಂದು ಮಾತು. 890ರಿಂದ ಶುರುವಾದರೆ ಆ ಸಂಖ್ಯೆ ಭಾರತದ ಸಂಸ್ಥೆಯಲ್ಲಿ ನೋಂದಾಯಿತ ಎಂದಷ್ಟೇ ಅರ್ಥ, ಮಾಲು ಭಾರತದಲ್ಲೇ ತಯಾರಾಯಿತು ಎಂದಲ್ಲ. 13 ಅಂಕಿಗಳಲ್ಲಿ ಕೊನೆಯದು ತಾಳೆ ನೋಡುವ ಅಂಕಿ. ಎಡದಿಂದ ಮೊದಲ ಹನ್ನೆರಡರಲ್ಲಿ ಬೆಸ ಸ್ಥಾನದವನ್ನು ಕೂಡಿ, ಸಮ ಸ್ಥಾನದವನ್ನು ಕೂಡಿ ಮೂರರಿಂದ ಗುಣಿಸಿ, ಎರಡನ್ನೂ ಸೇರಿಸಿ, ಮುಂದಿನ ಹತ್ತರ ಮಗ್ಗಿ ಮುಟ್ಟಲು ಎಷ್ಟು ಬೇಕೋ ಅದೇ ಕೊನೆಯ ಅಂಕಿ. ತಮಾಷೆಯೆಂದರೆ 8901234567890 ಎಂಬ ಸಂಖ್ಯೆಯೂ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ: 28ಕ್ಕೆ 102 ಸೇರಿ 130, ಕೊನೆಗೆ ಸೊನ್ನೆ. ಸುಮ್ಮನೆ ಖಾನೆ ತುಂಬಲು ಸಾಲಾಗಿ ಕುಟ್ಟಿದ ಅಂಕಿಗಳು ಯಂತ್ರದ ತಪಾಸಣೆ ದಾಟಿ ಒಳಗೆ ಕೂರುವುದು ಹೀಗೆ. ಡಬ್ಬಿಯ ಫೋಟೋ ಇಲ್ಲದೆ ಬಾರ್‌ಕೋಡ್ ಒಪ್ಪಿಕೊಳ್ಳಬಾರದು.

ಒಟ್ಟಿಗೆ ನೂರಾರು ಸಾಲು ಸೇರಿಸುವವರು ಎಕ್ಸೆಲ್‌ನಿಂದ ಎಚ್ಚರವಾಗಿರಬೇಕು. ಅದು 13 ಅಂಕಿಯ ಬಾರ್‌ಕೋಡನ್ನು ‘8.90ಇ+12’ ಎಂದು ಕುಗ್ಗಿಸುತ್ತದೆ, ಹಾಗೇ ಬರೀ ಪಠ್ಯದ ಸಿಎಸ್‌ವಿ ಫೈಲ್ ಮಾಡಿ ಉಳಿಸಿದರೆ ಉಳಿದ ಅಂಕಿಗಳು ಮರಳಿ ಬರುವುದಿಲ್ಲ. ಅಮೆರಿಕದ 12 ಅಂಕಿಯ ಕೋಡು ಸೊನ್ನೆಯಿಂದ ಶುರುವಾದರೆ ಸೊನ್ನೆ ನುಂಗುತ್ತದೆ. ಕ್ಯಾಪ್‌ಕಾಮ್‌ನ ‘1942’ ಎಂಬ ಗೇಮಿನ ಹೆಸರೂ ಅದಕ್ಕೆ ಬರೀ ಸಂಖ್ಯೆ. ಫೈಲ್ ತೆರೆಯುವ ಮುನ್ನ ಎಲ್ಲ ಕಾಲಮ್‌ಗಳನ್ನೂ ‘ಟೆಕ್ಸ್ಟ್’ ಎಂದು ಗೊತ್ತುಮಾಡಿ, ಕನ್ನಡ ಅಕ್ಷರ ಕೆಡದಂತೆ ಯುಟಿಎಫ್-8 ಸಂಕೇತದಲ್ಲಿ ಉಳಿಸಿ, ಮೊದಲು ಇಪ್ಪತ್ತೇ ಸಾಲು ಹಾಕಿ ಕಣ್ಣಾರೆ ನೋಡಿ.

ಕನ್ನಡದ ಹೆಸರುಗಳಲ್ಲಿ ಕಣ್ಣಿಗೆ ಕಾಣದ ತೊಡಕುಗಳಿವೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯನ್ನು ಒತ್ತಿದವರ ಬರಹ ಓದಲು ಒಂದೇ ಥರ ಕಂಡರೂ ಹುಡುಕಿದರೆ ಸಿಗುವುದಿಲ್ಲ. ‘ಕೋ’ ಎಂಬಲ್ಲಿನ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಸಂಗ್ರಹಿಸಬಹುದು, ಮೂರು ತುಂಡಾಗಿಯೂ ಸಂಗ್ರಹಿಸಬಹುದು. ಒಳಗೆ ಬರುವ ಪಠ್ಯವನ್ನೆಲ್ಲ ತುಂಡುಗಳನ್ನು ಕೂಡಿಸುವ ಯುನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತಿರುಗಿಸಿದರೆ ಈ ಎರಡನೆಯದು ತಾನಾಗಿ ಸರಿಹೋಗುತ್ತದೆ. ಮೊದಲನೆಯದು ಹೋಗುವುದಿಲ್ಲ, ಅದಕ್ಕೆ ಅಕ್ಷರದ ಪಕ್ಕದಲ್ಲಿ ಕನ್ನಡದ ಸೊನ್ನೆ ಬಂದರೆ ಎಚ್ಚರಿಸುವ ನಿಯಮ ಬೇರೆ ಬರೆಯಬೇಕು.

ಜನರ ಹೆಸರು ಜೋಡಿಸುವಾಗ ನಮ್ಮ ಭಾಗದವರಿಗೆ ಬೇರೆಯವರಿಗಿಲ್ಲದ ತಿಳಿವಳಿಕೆ ಇದೆ, ಅದನ್ನು ಬಳಸಬೇಕು. ಗೇಮ್ ಕೊನೆಗೆ ಬರುವ ತಯಾರಕರ ಪಟ್ಟಿಯಲ್ಲಿ ‘ಎಸ್. ಪಾಟೀಲ’ ಎಂದು ಎರಡು ಕಡೆ ಕಂಡರೆ ಅಮೆರಿಕದ ಸಂಪಾದಕ ಒಬ್ಬರೇ ಎಂದು ಕೂಡಿಸಿಬಿಡಬಹುದು. ಪಾಟೀಲ, ಕುಲಕರ್ಣಿ, ಹಿರೇಮಠ ಎಂಬ ಅಡ್ಡಹೆಸರು ಓಣಿಗೆ ಹತ್ತಿರುವ ನಾಡಿನವರಾದ ನಾವು ಹಾಗೆ ಮಾಡಬಾರದು. ಅದೇ ಸ್ಟುಡಿಯೋ, ಹತ್ತಿರದ ವರ್ಷ, ಅದೇ ಬಗೆಯ ಕೆಲಸ ಮೂರೂ ಹೊಂದಿದರೂ ಅದು ಊಹೆಯೇ. ಆ ವ್ಯಕ್ತಿಯೇ ತನ್ನ ಕೆಲಸದ ಪಟ್ಟಿಯಲ್ಲಿ ಎರಡನ್ನೂ ಹೇಳಿಕೊಂಡಿದ್ದರೆ ಮಾತ್ರ ಜೋಡಿಸಿ. ಊರ ಹೆಸರಿನದೂ ಹೀಗೇ. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಅದಕ್ಕೂ ಹಿಂದಿನ ಡಬ್ಬಿಯ ಮೇಲೆ ಅಚ್ಚಾದ ವಿಳಾಸವನ್ನು ಅಚ್ಚಾದಂತೆಯೇ ಇಟ್ಟು, ಊರಿನ ಕೊಂಡಿಯನ್ನು ಈಗಿನ ಹೆಸರಿಗೆ ಕೊಡಿ. ಕಂಪನಿಗಳಿಗೂ ಅದೇ ನಿಯಮ: 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ 2019ರಲ್ಲಿ ಅಮೆರಿಕದ ಗೇಮ್ ಕಂಪನಿ ರಾಕ್‌ಸ್ಟಾರ್‌ಗೆ ಸೇರಿತೆಂದು ಅದರ ಹಳೆಯ ಕೆಲಸಗಳನ್ನೆಲ್ಲ ರಾಕ್‌ಸ್ಟಾರ್ ಖಾತೆಗೆ ಬರೆಯುವಂತಿಲ್ಲ.

ಪರದೆಯ ಚಿತ್ರಗಳು ಪಿಎನ್‌ಜಿ ಆಗಿರಲಿ, ಯಂತ್ರದ ಮೂಲ ಅಳತೆಯಲ್ಲಿರಲಿ, ಫಿಲ್ಟರ್ ಬೇಡ. ಮುಖಪುಟದ ಸ್ಕ್ಯಾನ್ 300 ಡಿಪಿಐಗಿಂತ ಕಡಿಮೆ ಬೇಡ. ವಿವರಣೆಯನ್ನು ಅಂಗಡಿಯ ಪುಟದಿಂದ ಎತ್ತಿ ಹಾಕಬೇಡಿ, ಎಐನಿಂದ ಬರೆಸಿಯೂ ಹಾಕಬೇಡಿ. ಆಡದವರು ಬರೆದದ್ದು ಎರಡು ಸಾಲಿನಲ್ಲೇ ಗೊತ್ತಾಗುತ್ತದೆ. ಗೇಮ್ ಫೈಲನ್ನೇ ಹಂಚುವುದಂತೂ ಕೂಡದು. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೆ ಬರುತ್ತದೆ, ಅಂಗಡಿಯಲ್ಲಿ ಸಿಗುವುದಿಲ್ಲ ಎಂಬ ಕಾರಣಕ್ಕೆ ಹಕ್ಕು ಮುಗಿಯುವುದಿಲ್ಲ. ಡೇಟಾಬೇಸ್‌ಗೆ ಚೆಕ್‌ಸಮ್, ಗಾತ್ರ, ಚಿತ್ರ ಸಾಕು.

ಪರಿಶೀಲಕರಾಗಿ ಕೂತವರಿಗೂ ಒಂದೆರಡು ವಿನಂತಿ. ಎರಡು ಸಲ ಸೇರಿದ ದಾಖಲೆ ಕಂಡರೆ ಒಂದನ್ನು ಅಳಿಸಬೇಡಿ, ಹಳೆಯ ಕ್ರಮಸಂಖ್ಯೆ ಉಳಿಸಿ ಹೊಸದನ್ನು ಅದಕ್ಕೆ ತಿರುಗಿಸಿ. ಅಳಿಸಿದ ಕ್ರಮಸಂಖ್ಯೆಯನ್ನು ಬೇರೆ ಗೇಮ್‌ಗೆ ಕೊಟ್ಟರೆ ಹೊರಗಿನ ಕೊಂಡಿಗಳೆಲ್ಲ ತಪ್ಪು ಗೇಮ್‌ಗೆ ಹೋಗುತ್ತವೆ. ಹೊಸಬರ ತಿದ್ದುಪಡಿ ತಿರಸ್ಕರಿಸುವಾಗ ‘ಆಧಾರವಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳದೆ ಯಾವ ಆಧಾರ ಸಾಕಾಗುತ್ತದೆ ಎಂದು ಹೇಳಿ, ಇಲ್ಲವಾದರೆ ಅವರು ಮತ್ತೆ ಬರುವುದಿಲ್ಲ. ಇಡೀ ದತ್ತಾಂಶದ ಪ್ರತಿಯನ್ನು ತಿಂಗಳಿಗೊಮ್ಮೆ ಇಳಿಸಿಟ್ಟುಕೊಳ್ಳಿ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಮೊಬಿಗೇಮ್ಸ್ 2010ರಲ್ಲಿ, 2013ರಲ್ಲಿ, 2022ರಲ್ಲಿ ಮೂರು ಸಲ ಮಾಲೀಕರನ್ನು ಬದಲಿಸಿದೆ. ಜನ ಬರೆದದ್ದು ಯಾರ ಸೊತ್ತು ಎಂಬ ಷರತ್ತನ್ನು ಖಾತೆ ತೆರೆಯುವ ದಿನವೇ ಓದಿಕೊಳ್ಳಬೇಕು. ವಿಕಿಡೇಟಾದ ದತ್ತಾಂಶ ಸಿಸಿ-0 ಅಡಿಯಲ್ಲಿ ಎಲ್ಲರಿಗೂ ಮುಕ್ತ, ಎಲ್ಲ ಕಡೆ ಹಾಗಿಲ್ಲ.

ಕೊನೆಯದಾಗಿ, ಈ ಪತ್ರ ತಮಗೇ ಬರೆಯಲು ಕಾರಣ. ನಮ್ಮ ಜಿಲ್ಲೆಗಳಲ್ಲಿ ಯಾವ ಯಂತ್ರ, ಯಾವ ಕ್ಯಾಸೆಟ್ ಯಾವಾಗ ಎಷ್ಟಕ್ಕೆ ಮಾರಾಟವಾಗುತ್ತಿತ್ತು ಎಂಬುದಕ್ಕೆ ಉಳಿದಿರುವ ನಂಬಿಕಸ್ತ ಸಾಕ್ಷಿ ಕನ್ನಡ ಪತ್ರಿಕೆಗಳ ಸ್ಥಳೀಯ ಜಾಹೀರಾತು. ಹಳೆಯ ಸಂಚಿಕೆಗಳನ್ನು ಡಿಜಿಟಲ್ ಮಾಡುವಾಗ ಸುದ್ದಿಯ ತುಣುಕುಗಳನ್ನಷ್ಟೇ ಕತ್ತರಿಸಿ ಇಡಬೇಡಿ, ಇಡೀ ಪುಟವನ್ನು 300 ಡಿಪಿಐಯಲ್ಲಿ ಉಳಿಸಿ, ಬೆಳಗಾವಿ ಆವೃತ್ತಿಯ ಪುಟಗಳನ್ನು ಬೇರೆಯಾಗಿಯೇ ಇಡಿ, ಹಬ್ಬದ ಪುರವಣಿಗಳನ್ನು ಬಿಡಬೇಡಿ. ಗ್ರಂಥಾಲಯದ ಸಂಪುಟಗಳಲ್ಲಿ ಹುಡುಕುವ ಹುಡುಗರು ಮೊದಲು ಪತ್ರಿಕೆಯ ಹೆಸರು, ತಾರೀಖು, ಪುಟಸಂಖ್ಯೆ ಕಾಣುವಂತೆ ಪೂರ್ತಿ ಪುಟದ ಫೋಟೋ ತೆಗೆದು, ಆಮೇಲೆ ಜಾಹೀರಾತಿನದು ತೆಗೆಯಲಿ. ಜಾಹೀರಾತು ಸಾಬೀತುಮಾಡುವುದು ಆ ದಿನದ ಹೊತ್ತಿಗೆ ಮಾಲು ಅಂಗಡಿಯಲ್ಲಿತ್ತು ಎಂಬುದನ್ನು ಮಾತ್ರ. ಬಿಡುಗಡೆಯ ಖಾನೆಗೆ ಆ ತಾರೀಖು ಹೋಗುವಂತಿಲ್ಲ, ‘ಇದಕ್ಕಿಂತ ತಡವಲ್ಲ’ ಎಂಬ ಟಿಪ್ಪಣಿಗೆ ಹೋಗಬೇಕು. ಹೊಲಿದ ಸಂಪುಟವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಿ ಹಿಡಿಯದೆ ಎರಡೂ ಬದಿಗೆ ಪುಸ್ತಕದ ಆಸರೆ ಕೊಟ್ಟು ತೆರೆಯಿರಿ, ಹಳೆಯ ಪತ್ರಿಕಾ ಕಾಗದ ಹೊಲಿಗೆಯ ಪಕ್ಕದಲ್ಲೇ ಮೊದಲು ಸೀಳುವುದು.

ಇಂತಿ,
ಗೇಮ್ ಡೇಟಾಬೇಸ್ ಪರಿಶೀಲಕರೊಬ್ಬರು,
ಟಿಳಕವಾಡಿ, ಬೆಳಗಾವಿ